ರಿಚರ್ಡ್ ಬ್ರೈಟ್: ಚಮಚದಲ್ಲಿ ಕಂಡ ಮುನ್ಸೂಚನೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ದೊಡ್ಡ ಬೀದಿಗಳಲ್ಲಿ, ರಕ್ತ ಮೂತ್ರಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಬರವಿಲ್ಲ. ಬೆಳಗಿನ ತಿರುಗಾಟ ಮುಗಿಸಿದ ಹಿರಿಯರು ಚಿಕ್ಕದೊಂದು ಡಬ್ಬಿಯನ್ನು ಸಂಕೋಚದಿಂದ ಕೈಚೀಲದಲ್ಲಿ ಮರೆಮಾಡಿಕೊಂಡು ಅಲ್ಲಿಗೆ ಹೋಗುತ್ತಾರೆ. ಸಂಜೆಯ ವೇಳೆಗೆ ಫಲಿತಾಂಶದ ಕಾಗದ ಕೈಸೇರುತ್ತದೆ. ಸಕ್ಕರೆಯ ಅಂಕಿಯನ್ನು ಎರಡೆರಡು ಸಲ ಓದುವವರು ಅದೇ ಕಾಗದದ ಕೆಳಭಾಗದಲ್ಲಿ ಆಲ್ಬುಮಿನ್ ಎಂಬ ಹೆಸರಿನ ಮುಂದೆ ಬರೆದಿರುವುದನ್ನು ಓದದೆಯೇ ಮಡಿಸಿಡುವುದುಂಟು. ಮೂತ್ರದಲ್ಲಿ ಒಂದಿಷ್ಟು ಸಸಾರಜನಕ ಹೋದರೆ ಏನಾಯಿತು ಎಂಬುದು ಅವರ ಎಣಿಕೆ.

ಈ ಬಡಾವಣೆಗಳ ಮಗ್ಗುಲಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ಇದೆ. ಲಕ್ವ ಹೊಡೆದವರನ್ನು ಹಗಲೆನ್ನದೆ ರಾತ್ರಿಯೆನ್ನದೆ ಅಲ್ಲಿಗೆ ಕರೆತರುತ್ತಾರೆ. ಲಕ್ವ ಹೊಡೆದ ಮನೆಗಳಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ ಬಗೆಯದು: ರಾತ್ರಿ ಊಟ ಮಾಡಿ ಚೆನ್ನಾಗಿಯೇ ಮಲಗಿದ್ದರು, ಬೆಳಗ್ಗೆ ಏಳುವಾಗ ಬಲಗೈ ಸ್ವಾಧೀನದಲ್ಲಿರಲಿಲ್ಲ, ಮಾತು ತೊದಲುತ್ತಿತ್ತು. ಸಿಡಿಲಿನಂತೆ ಬಂದೆರಗಿದ ಈ ಆಘಾತಕ್ಕೆ ಮುನ್ಸೂಚನೆಯೇ ಇರಲಿಲ್ಲವೆಂದು ಅವರು ನಂಬಿರುತ್ತಾರೆ.

ಪ್ರಯೋಗಾಲಯದ ಆ ಕಾಗದಕ್ಕೂ ಆಸ್ಪತ್ರೆಯ ಈ ಹಾಸಿಗೆಗೂ ನಡುವಣ ಹಾದಿ ಬಹಳ ದೂರದ್ದಲ್ಲ. ಆದರೆ ಅವೆರಡಕ್ಕೂ ಇರುವ ಸಂಬಂಧವನ್ನು ಅರಿಯಲು ವೈದ್ಯಶಾಸ್ತ್ರಕ್ಕೆ ಹೆಚ್ಚುಕಡಿಮೆ 200 ವರ್ಷ ಬೇಕಾಯಿತು. ಆ ಅರಿವಿಗೆ ಅಸ್ತಿಭಾರ ಹಾಕಿದವನು ಲಂಡನ್ನಿನ ಗೈ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್. ಬಹುಕಾಲ ಮೂತ್ರಪಿಂಡದ ಬೇನೆಗೆ ಆತನ ಹೆಸರೇ ನಿಂತಿತ್ತು. ನಮ್ಮ ಹಿಂದಿನ ತಲೆಮಾರಿನ ವೈದ್ಯರೂ ಬ್ರೈಟನ ರೋಗ ಎಂದೇ ಅದನ್ನು ಓದಿ ಕಲಿತರು. ಹೆಸರು ರೋಗಕ್ಕೆ ಅಂಟಿಕೊಂಡು ಉಳಿಯಿತು. ಮನುಷ್ಯನು ಮಾತ್ರ ಮರೆವಿಗೆ ಸಂದನು. ಆತನ ಬಾಳಿನ ಕಥೆಯನ್ನು ನೆನೆಯುವುದರಿಂದ ನಮಗೆ ಲಾಭವುಂಟು.

ರಿಚರ್ಡ್ ಬ್ರೈಟ್ 1789ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದನು. ತಂದೆ ವರ್ತಕ, ಬ್ಯಾಂಕಿನ ವ್ಯವಹಾರವೂ ಇದ್ದ ಸಿರಿವಂತ. ಮನೆಯಲ್ಲಿ ಹಣಕ್ಕೂ ವಿದ್ಯೆಗೂ ಕೊರತೆಯಿರಲಿಲ್ಲ. ಹುಡುಗನು 1808ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಮೊದಲು ಆರಿಸಿಕೊಂಡದ್ದು ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಗಣಿತಗಳನ್ನು. ಮರುವರ್ಷ ಮನಸ್ಸು ವೈದ್ಯದ ಕಡೆಗೆ ತಿರುಗಿತು. ಆದರೂ ಪುಸ್ತಕದ ಮುಂದೆ ಕುಳಿತೇ ಇರುವ ಸ್ವಭಾವ ಆತನದಲ್ಲ. 1810ರಲ್ಲಿ ಸರ್ ಜಾರ್ಜ್ ಮೆಕೆಂಜಿಯ ತಂಡದೊಡನೆ ಐಸ್‌ಲ್ಯಾಂಡಿಗೆ ಹೊರಟುಹೋದನು. ಹಿಮ, ಬೆಂಕಿಯ ಬೆಟ್ಟ, ಬಿಸಿನೀರಿನ ಬುಗ್ಗೆಗಳ ಆ ನಾಡಿನಲ್ಲಿ ಗಿಡಮರಗಳನ್ನೂ ಪ್ರಾಣಿಪಕ್ಷಿಗಳನ್ನೂ ನೋಡಿ ಗುರುತುಹಾಕಿಕೊಳ್ಳುವ ಕೆಲಸ ಆತನ ಪಾಲಿಗೆ ಬಂದಿತು. ಕಂಡದ್ದನ್ನು ಕಂಡಂತೆಯೇ ಬರೆಯುವ ಅಭ್ಯಾಸ ಬಲಿತದ್ದು ಅಲ್ಲಿಯೇ ಎನ್ನಬಹುದು.

ಮರಳಿ ಬಂದ ಮೇಲೆ ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಕೆಲಕಾಲ ಕಲಿತು, 1813ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದನು. ಮತ್ತೆ ಪ್ರವಾಸದ ಹಂಬಲ. ನೆಪೋಲಿಯನ್ನನ ಪತನಾನಂತರ ಯೂರೋಪಿನ ರಾಜರೆಲ್ಲ ವಿಯೆನ್ನಾದಲ್ಲಿ ಸಭೆ ಸೇರಿದ್ದ ಕಾಲ ಅದು. ಬ್ರೈಟ್ ಅಲ್ಲಿಗೆ ಹೋಗಿ, ಮುಂದೆ ಹಂಗೇರಿಯ ಹಳ್ಳಿಗಾಡುಗಳಲ್ಲಿ ಸುತ್ತಿ, ರೈತರ ಬದುಕನ್ನೂ ಅಲೆಮಾರಿ ಜಿಪ್ಸಿಗಳ ಜೀವನವನ್ನೂ ಗಮನಿಸಿ ಬರೆದನು. 1818ರಲ್ಲಿ ಆ ಪ್ರವಾಸಕಥನ ಅಚ್ಚಾಯಿತು. ಅದರ ಚಿತ್ರಗಳು ಆತನ ಕೈಯಿಂದಲೇ ಮೂಡಿದವು. ಚಿತ್ರ ಬರೆಯಬಲ್ಲ ಕಣ್ಣಿಗೆ ಬಣ್ಣದ ಸೂಕ್ಷ್ಮಗಳು ಕಾಣುತ್ತವೆ. ಈ ಗುಣ ಮುಂದೆ ಶವಪರೀಕ್ಷೆಯ ಮೇಜಿನ ಬಳಿಯಲ್ಲಿ ಆತನಿಗೆ ಒದಗಿಬಂದಿತು.

ಲಂಡನ್ನಿನಲ್ಲಿ ವೃತ್ತಿ ಆರಂಭಿಸಿದ ಹೊಸತರಲ್ಲಿ ಜ್ವರದ ರೋಗಿಗಳನ್ನು ನೋಡುತ್ತಾ ತಾನೇ ಆ ಜ್ವರ ಹಿಡಿದು ಪ್ರಾಣಾಪಾಯದಿಂದ ಪಾರಾದನು. 1820ರಲ್ಲಿ ಗೈ ಆಸ್ಪತ್ರೆಯ ಸಹಾಯಕ ವೈದ್ಯನಾಗಿ, 1824ರಲ್ಲಿ ಪೂರ್ಣ ವೈದ್ಯನಾಗಿ ನೇಮಕಗೊಂಡನು. ಈ ಆಸ್ಪತ್ರೆಯನ್ನು ಕಟ್ಟಿಸಿದವನು ಥಾಮಸ್ ಗೈ ಎಂಬ ಪುಸ್ತಕ ವ್ಯಾಪಾರಿ ಎಂಬುದು ಸಾಹಿತ್ಯಪ್ರಿಯರಿಗೆ ಸಂತೋಷ ಕೊಡುವ ಸಂಗತಿ. ಥಾಮಸ್ ಆಡಿಸನ್, ಥಾಮಸ್ ಹಾಡ್ಜ್‌ಕಿನ್ ಇಬ್ಬರೂ ಅಲ್ಲಿ ಬ್ರೈಟನ ಸಮಕಾಲೀನರು. ಒಂದೊಂದು ರೋಗಕ್ಕೆ ಒಬ್ಬೊಬ್ಬರ ಹೆಸರು ನಿಂತ ಆ ಮೂವರೂ ಒಂದೇ ಸೂರಿನಡಿ ದುಡಿದರು.

ಆತನ ಮನೆಯ ಬಾಳು ಮಾತ್ರ ಆರಂಭದಲ್ಲಿಯೇ ಕಹಿಯಾಯಿತು. ಹಿರಿಯ ವೈದ್ಯ ವಿಲಿಯಂ ಬ್ಯಾಬಿಂಗ್ಟನ್ನನ ಮಗಳು ಮಾರ್ಥಾಳನ್ನು 1822ರಲ್ಲಿ ಮದುವೆಯಾದನು. ಮರುವರ್ಷವೇ ಆಕೆ ಬಾಣಂತಿತನದಲ್ಲಿ ತೀರಿಕೊಂಡಳು. ಹುಟ್ಟಿದ ಮಗನೂ ದೀರ್ಘಾಯುವಾಗಲಿಲ್ಲ. ಮೂರು ವರ್ಷಗಳ ಅನಂತರ ಎಲೈಜಾ ಫಾಲೆಟ್ಟಳನ್ನು ವರಿಸಿ ಬ್ರೈಟ್ ಮತ್ತೆ ಗೃಹಸ್ಥನಾದನು. ಈ ನಡುವಣ ವರ್ಷಗಳಲ್ಲಿಯೇ ಆತನ ಹಿರಿಯ ಕೆಲಸದ ಬಹುಭಾಗ ನಡೆಯಿತು. ದಿನಕ್ಕೆ ಆರು ಗಂಟೆಗಳನ್ನು ವಾರ್ಡುಗಳಲ್ಲಿಯೂ ಶವಪರೀಕ್ಷೆಯ ಕೋಣೆಯಲ್ಲಿಯೂ ಕಳೆಯುತ್ತಿದ್ದನು.

ಆಗ ಲಂಡನ್ನಿನ ಬಡವರಲ್ಲಿ ಮೈಯೆಲ್ಲ ಬಾತು ನೀರು ತುಂಬಿಕೊಳ್ಳುವ ರೋಗ ಬಹಳವಾಗಿತ್ತು. ಕೂಲಿಗಳು, ನಾವಿಕರು, ಕುಡಿತದವರು, ಚಳಿಯಲ್ಲಿ ನೆನೆದು ದುಡಿಯುವವರು ಮುಖ ಕಾಲುಗಳು ಊದಿಕೊಂಡು ಆಸ್ಪತ್ರೆಗೆ ಬರುತ್ತಿದ್ದರು. ವೈದ್ಯರು ಬಾವನ್ನೇ ಒಂದು ರೋಗವೆಂದು ಬಗೆದು ಮದ್ದು ಕೊಡುತ್ತಿದ್ದರು. ಕೆಲವರ ಮೂತ್ರವನ್ನು ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುವುದನ್ನು ಇಟಲಿಯ ಕೊಟುನ್ಯೋ 18ನೆಯ ಶತಮಾನದಲ್ಲೇ ಕಂಡಿದ್ದನು; ಇಂಗ್ಲೆಂಡಿನಲ್ಲಿ ವೆಲ್ಸ್, ಬ್ಲ್ಯಾಕಾಲ್ ಮೊದಲಾದವರೂ ಗುರುತಿಸಿದ್ದರು. ಆದರೆ ಅದು ಎಲ್ಲಿಂದ ಬಂತು, ಏನನ್ನು ಸೂಚಿಸುತ್ತದೆ ಎಂಬುದು ತೀರ್ಮಾನವಾಗಿರಲಿಲ್ಲ.

ಬ್ರೈಟನು ಕೈಗೊಂಡ ಉಪಾಯ ಬಹು ಸರಳ. ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಜ್ವಾಲೆಯ ಮೇಲೆ ಹಿಡಿಯುವುದು. ಅದು ಕದಡಿ ಬಿಳುಪಾದರೆ ಆಲ್ಬುಮಿನ್ ಉಂಟೆಂದು ಗುರುತು. ರೋಗಿಯು ಗುಣವಾಗದೆ ಸತ್ತರೆ ಆತನ ದೇಹವನ್ನು ತೆರೆದು ಮೂತ್ರಪಿಂಡಗಳನ್ನು ನೋಡುವುದು. ಹಾಸಿಗೆಯ ಬಳಿ ಬರೆದಿಟ್ಟದ್ದನ್ನೂ ಮೇಜಿನ ಮೇಲೆ ಕಂಡದ್ದನ್ನೂ ಎದುರುಬದುರು ಇಟ್ಟು ಹೋಲಿಸುವುದು. ಮತ್ತೆ ಮತ್ತೆ ಒಂದೇ ಉತ್ತರ ಬಂದಿತು. ಮೂತ್ರ ಗರಣೆಗಟ್ಟಿದವರ ಮೂತ್ರಪಿಂಡಗಳು ಬಣ್ಣಗೆಟ್ಟು, ಕೆಲವು ಊದಿಕೊಂಡು, ಕೆಲವು ಗಟ್ಟಿಯಾಗಿ ಮುದುಡಿ ಗರಗರಿಯಾಗಿದ್ದವು. ಜಾನ್ ಬೋಸ್ಟಕ್ ಎಂಬ ರಸಾಯನ ಪಂಡಿತನು ಮೂತ್ರವನ್ನೂ ರಕ್ತವನ್ನೂ ಪರೀಕ್ಷಿಸಿ, ಮೂತ್ರಕ್ಕೆ ಸೋರಿದ ಸಸಾರಜನಕವು ರಕ್ತದಲ್ಲಿ ಕಡಿಮೆಯಾಗಿರುವುದನ್ನು ತೋರಿಸಿಕೊಟ್ಟನು. ಬಾವು, ಮೂತ್ರದ ಸಸಾರಜನಕ, ಕೆಟ್ಟ ಮೂತ್ರಪಿಂಡ ಈ ಮೂರೂ ಒಂದೇ ಸರಪಣಿಯ ಕೊಂಡಿಗಳೆಂದು ಬ್ರೈಟ್ 1827ರಲ್ಲಿ ತನ್ನ ರೋಗವರದಿಗಳ ಮೊದಲನೆಯ ಸಂಪುಟದಲ್ಲಿ ಲೋಕದ ಮುಂದಿಟ್ಟನು. ಅದರ ಬಣ್ಣದ ಚಿತ್ರಪಟಗಳು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತವೆ.

ನಾಲ್ಕು ವರ್ಷಗಳ ಅನಂತರ, 1831ರಲ್ಲಿ, ಎರಡನೆಯ ಸಂಪುಟ ಬಂದಿತು. ಅದರ ವಿಷಯ ಮಿದುಳು ಮತ್ತು ನರಮಂಡಲದ ರೋಗಗಳು. ಲಕ್ವ ಹೊಡೆದವರು, ಎಚ್ಚರ ತಪ್ಪಿ ಬಿದ್ದವರು, ಸೆಳವು ಬಂದವರು ಅಲ್ಲಿ ಸಾಲುಸಾಲಾಗಿ ಬರುತ್ತಾರೆ. ಒಂದು ಸಂಪುಟದಲ್ಲಿ ಮೂತ್ರಪಿಂಡ, ಇನ್ನೊಂದರಲ್ಲಿ ಮಿದುಳು. ಬ್ರೈಟನ ಕಪಾಟಿನಲ್ಲಿ ಅವೆರಡೂ ಪಕ್ಕಪಕ್ಕದಲ್ಲಿ ನಿಂತಿದ್ದವು. ಅವುಗಳ ನಡುವಣ ಸೇತುವೆ ಮಾತ್ರ ಇನ್ನೂ ಆಗಬೇಕಾಗಿತ್ತು.

ಆ ಸೇತುವೆಯ ಮೊದಲ ಕಂಬವನ್ನು ನೆಟ್ಟವನೂ ಆತನೇ. 1836ರಲ್ಲಿ ಗೈ ಆಸ್ಪತ್ರೆಯ ವರದಿಗಳಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಕಂಡ 100 ರೋಗಿಗಳ ವಿವರವನ್ನು ಪಟ್ಟಿಯಾಗಿ ಪ್ರಕಟಿಸಿದನು. ಆಗ ಒಂದು ವಿಚಿತ್ರ ಎದ್ದುಕಂಡಿತು. ಇವರಲ್ಲಿ ಅನೇಕರ ಹೃದಯದ ಎಡಭಾಗ ದಪ್ಪವಾಗಿ ಬೆಳೆದಿತ್ತು, ಕವಾಟಗಳಲ್ಲಿ ದೋಷವಿಲ್ಲದವರಲ್ಲಿಯೂ ಹಾಗೆಯೇ. ತಲೆನೋವು, ಸೆಳವು, ಮಿದುಳಿನ ಆಘಾತಗಳು ಈ ರೋಗಿಗಳನ್ನು ಬೆನ್ನಟ್ಟುತ್ತಿದ್ದವು. ಹೃದಯವೇಕೆ ದಪ್ಪವಾಯಿತು? ಕೆಟ್ಟ ರಕ್ತವು ಹೃದಯವನ್ನೇ ಕೆರಳಿಸಿರಬೇಕು, ಇಲ್ಲವೆ ಸಣ್ಣ ರಕ್ತನಾಳಗಳಲ್ಲಿ ತಡೆಯುಂಟಾಗಿ ಹೃದಯ ಹೆಚ್ಚು ಬಲದಿಂದ ತಳ್ಳಬೇಕಾಗಿರಬೇಕು ಎಂದು ಆತನು ಊಹಿಸಿದನು. ರಕ್ತದೊತ್ತಡವನ್ನು ಅಳೆಯುವ ತೋಳಪಟ್ಟಿ ಆಗ ಇರಲಿಲ್ಲ. ಅದು 1896ರಲ್ಲಿ ಇಟಲಿಯ ರೀವಾ ರೋಚ್ಚಿಯಿಂದ ಬರಬೇಕಾಗಿತ್ತು. ಅಳತೆಗೋಲಿಲ್ಲದೆಯೂ ಬ್ರೈಟನ ಊಹೆ ಸತ್ಯದ ಹೊಸ್ತಿಲವರೆಗೆ ನಡೆದುಹೋಗಿತ್ತು.

1842ರಲ್ಲಿ ಗೈ ಆಸ್ಪತ್ರೆ ಮೂತ್ರಪಿಂಡದ ರೋಗಿಗಳಿಗಾಗಿಯೇ 42 ಹಾಸಿಗೆಗಳನ್ನು ಬೇರೆಯಾಗಿಟ್ಟು, ಪಕ್ಕದಲ್ಲೇ ಒಂದು ಪ್ರಯೋಗಾಲಯವನ್ನು ಒದಗಿಸಿತು. ಒಂದೇ ರೋಗದವರನ್ನು ಒಂದೆಡೆ ಸೇರಿಸಿ ವ್ಯಾಸಂಗ ಮಾಡುವ ಪದ್ಧತಿಗೆ ಅದು ಮೇಲ್ಪಂಕ್ತಿಯಾಯಿತು. ಕೀರ್ತಿಯೂ ಕೈಗೂಡಿತು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಲ್ಲಿ ಆಕೆಯ ವಿಶೇಷ ವೈದ್ಯರಲ್ಲಿ ಒಬ್ಬನಾದನು. ಫ್ರಾನ್ಸಿನಿಂದ ಪದಕ ಬಂದಿತು.

ಇಷ್ಟಾದರೂ ಬ್ರೈಟನ ಬಾಳಿನಲ್ಲಿ ಒಂದು ದೊಡ್ಡ ಕೊರಗಿಗೆ ಎಡೆಯಿತ್ತು. ಆತನು ರೋಗವನ್ನು ಗುರುತಿಸಬಲ್ಲವನಾಗಿದ್ದನು, ತಡೆಯಬಲ್ಲವನಾಗಿರಲಿಲ್ಲ. ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಬೆವರಿಳಿಸುವುದು, ಇವೇ ಆ ಕಾಲದ ಚಿಕಿತ್ಸೆಗಳು. ಚಮಚದಲ್ಲಿ ಬಿಳುಪು ಕಂಡಾಗ ರೋಗಿಯ ಮುಂದಿನ ದಿನಗಳು ಆತನ ಕಣ್ಣಿಗೆ ಕಟ್ಟುತ್ತಿದ್ದವು, ಕೈಯಲ್ಲಿ ಮದ್ದಿರಲಿಲ್ಲ. ತಿಳಿದೂ ಏನೂ ಮಾಡಲಾಗದ ಈ ಸ್ಥಿತಿಯಲ್ಲಿ ದಶಕಗಳ ಕಾಲ ಹಾಸಿಗೆಯಿಂದ ಹಾಸಿಗೆಗೆ ನಡೆದ ತಾಳ್ಮೆಯೇ ಆತನ ದೊಡ್ಡತನ. 1858ರ ಡಿಸೆಂಬರ್ 16ರಂದು ತನ್ನ 69ನೆಯ ವಯಸ್ಸಿನಲ್ಲಿ ಬ್ರೈಟ್ ಹೃದ್ರೋಗದಿಂದ ತೀರಿಕೊಂಡನು.

ಆತನು ಸತ್ತ ಒಂಬತ್ತು ತಿಂಗಳಿಗೆ, ಬ್ರೈಟನ ಹುಟ್ಟೂರಿನ ಹೆಸರಾದ ತೂಗುಸೇತುವೆಯ ನಕ್ಷೆ ರಚಿಸಿದ ಶಿಲ್ಪಿ ಬ್ರುನೆಲ್ ಲಂಡನ್ನಿನಲ್ಲಿ ಮಡಿದನು. ಬ್ರೈಟನ ರೋಗವಿದೆಯೆಂದು ವೈದ್ಯರು ಆತನಲ್ಲಿ ಮೊದಲೇ ಗುರುತಿಸಿದ್ದರು. 1859ರ ಸೆಪ್ಟೆಂಬರ್ 5ರಂದು, ತಾನು ಕಟ್ಟಿದ ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಯ ಮೇಲೆ ನಿಂತಿದ್ದಾಗಲೇ ಆತನಿಗೆ ಲಕ್ವ ಹೊಡೆಯಿತು. ಹತ್ತು ದಿನಗಳಲ್ಲಿ ಪ್ರಾಣ ಹೋಯಿತು. ಆಗ ವಯಸ್ಸು 53. ಮೊದಲನೆಯ ಸಂಪುಟದ ರೋಗ, ಎರಡನೆಯ ಸಂಪುಟದ ಮರಣ. ಎರಡೂ ಒಬ್ಬನಲ್ಲೇ ಕೂಡಿದ್ದವು.

ಬ್ರೈಟನ ಕೆಲಸವನ್ನು ಮುಂದುವರಿಸಿದವರಲ್ಲಿ ನಮ್ಮ ದೇಶದ ರಕ್ತದವನೊಬ್ಬನಿದ್ದನೆಂಬುದು ಹೆಮ್ಮೆಯ ಸಂಗತಿ. ಪಟ್ನಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಅಂಗಮರ್ದನದ ಸ್ನಾನಗೃಹ ತೆರೆದು ಹೆಸರಾದ ಶೇಖ್ ದೀನ್ ಮಹಮ್ಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್. ಆತನೂ ಗೈ ಆಸ್ಪತ್ರೆಯ ವೈದ್ಯ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಉಪಕರಣವನ್ನು ತಿದ್ದಿ ಬಳಸಿ, 1870ರ ದಶಕದಲ್ಲಿ ಆತನು ಒಂದು ಹೊಸ ಮಾತನ್ನು ತೋರಿಸಿಕೊಟ್ಟನು. ಮೂತ್ರದಲ್ಲಿ ಆಲ್ಬುಮಿನ್ ಕಾಣುವ ಮೊದಲೇ ಕೆಲವರಲ್ಲಿ ರಕ್ತದ ಒತ್ತಡ ಏರಿರುತ್ತದೆ. ಅವರು ಹೊರನೋಟಕ್ಕೆ ಆರೋಗ್ಯವಂತರೇ ಆಗಿರುತ್ತಾರೆ. ಮೂತ್ರಪಿಂಡ ಕೆಟ್ಟು ಹೃದಯ ಬಳಲುತ್ತದೆಂದು ಬ್ರೈಟ್ ತಿಳಿದಿದ್ದನು. ಒತ್ತಡವೇ ಮೂತ್ರಪಿಂಡವನ್ನು ಕೆಡಿಸುವುದೂ ಉಂಟೆಂದು ಮಹಮ್ಮದ್ ಸೇರಿಸಿದನು. ಎರಡೂ ನಿಜವೆಂದೂ, ಒಂದು ಇನ್ನೊಂದನ್ನು ಬೆಳೆಸುವ ವಿಷಚಕ್ರವೆಂದೂ ಇಂದು ತಿಳಿದಿದೆ. ಈ ಮಹಮ್ಮದ್ 1884ರಲ್ಲಿ, ಇನ್ನೂ 35ರ ಹರೆಯದಲ್ಲಿಯೇ, ವಿಷಮಶೀತ ಜ್ವರಕ್ಕೆ ಬಲಿಯಾದನು.

ಬ್ರೈಟನ ಚಮಚಕ್ಕೆ ಕಾಣುತ್ತಿದ್ದದ್ದು ಹೆಚ್ಚು ಪ್ರಮಾಣದ ಸೋರಿಕೆ ಮಾತ್ರ. 1963ರಲ್ಲಿ ಅದೇ ಗೈ ಆಸ್ಪತ್ರೆಯ ಹ್ಯಾರಿ ಕೀನ್ ತನ್ನ ಸಹೋದ್ಯೋಗಿಯೊಡನೆ ಅತ್ಯಲ್ಪ ಆಲ್ಬುಮಿನನ್ನೂ ಅಳೆಯುವ ವಿಧಾನವನ್ನು ಪ್ರಕಟಿಸಿದನು. ಸಕ್ಕರೆ ಕಾಯಿಲೆಯವರಲ್ಲಿ ಈ ಅಲ್ಪ ಸೋರಿಕೆಯೇ ಮುಂದೆ ಬರಲಿರುವ ಮೂತ್ರಪಿಂಡದ ರೋಗದ ಮುಂಗುರುತು ಎಂದು ಅಲ್ಲಿನ ಸಂಶೋಧಕರೇ 1982ರಲ್ಲಿ ತೋರಿಸಿದರು. ಬಳಿಕ ನಾನಾ ದೇಶಗಳಲ್ಲಿ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂತ್ರದಲ್ಲಿ ಸಸಾರಜನಕ ಹೋಗುವವರಿಗೆ ಲಕ್ವ ಹೊಡೆಯುವ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಎಂದು ಕಂಡುಬಂದಿದೆ. ಎರಡು ಸಂಪುಟಗಳ ನಡುವಣ ಸೇತುವೆ ಹೀಗೆ ಪೂರ್ಣಗೊಂಡಿತು.

ಮೂತ್ರಕ್ಕೂ ಮಿದುಳಿಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲು ಮೂತ್ರಪಿಂಡಗಳಿಗೆ ಹರಿಯುತ್ತದೆ. ಮಿದುಳಿಗೂ ದೊಡ್ಡ ಪಾಲೇ ಸಲ್ಲುತ್ತದೆ. ಎರಡು ಕಡೆಯೂ ಕೂದಲೆಳೆಯಂಥ ನಾಳಗಳು ರಕ್ತದ ಒತ್ತಡವನ್ನು ಹಗಲಿರುಳು ತಾಳಿಕೊಳ್ಳಬೇಕು. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಜರಡಿ ಚೆನ್ನಾಗಿದ್ದರೆ ಅದರಲ್ಲಿ ಮೂತ್ರದೊಡನೆ ಹೊರಬೀಳುವ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ. ಒತ್ತಡದಿಂದಲೋ ಸಕ್ಕರೆಯಿಂದಲೋ ನಾಳಗಳ ಒಳಪೊರೆ ಸವೆದಾಗ ಜರಡಿ ಸೋರುತ್ತದೆ. ಅದೇ ಸವೆತ ಮಿದುಳಿನ ನಾಳಗಳಲ್ಲಿಯೂ ನಡೆಯುತ್ತಿರಬಹುದು. ಮಿದುಳಿನ ನಾಳವನ್ನು ನಾವು ಹೊರಗಿನಿಂದ ಕಾಣಲಾರೆವು. ಮೂತ್ರಪಿಂಡದ ನಾಳ ಮಾತ್ರ ತನ್ನ ಕಷ್ಟವನ್ನು ದಿನದಿನವೂ ಹೊರಗೆ ಬರೆದು ಕಳುಹಿಸುತ್ತದೆ. ಸಸಾರಜನಕವೇ ಲಕ್ವಕ್ಕೆ ಕಾರಣವೆಂದು ಇದರಿಂದ ತಿಳಿಯಬಾರದು. ಅದು ಹೊಗೆ, ಬೆಂಕಿ ನಾಳಗಳಲ್ಲಿದೆ.

ಹೊಗೆ ಕಂಡಲ್ಲೆಲ್ಲ ಮನೆ ಸುಡುವುದಿಲ್ಲವೆಂಬುದನ್ನೂ ಹೇಳಬೇಕು. ಜ್ವರ, ಮೂತ್ರದ ಸೋಂಕು, ಅತಿಯಾದ ವ್ಯಾಯಾಮಗಳಲ್ಲಿಯೂ ಒಂದೆರಡು ದಿನ ಆಲ್ಬುಮಿನ್ ಕಾಣಬಹುದು. ಆದ್ದರಿಂದ ಒಂದೇ ಸಲದ ಫಲಿತಾಂಶಕ್ಕೆ ಹೆದರದೆ, ಕೆಲವು ವಾರ ತಿಂಗಳುಗಳ ಅಂತರದಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಿ ನಿಜಮಾಡಿಕೊಳ್ಳುವುದು ವೈದ್ಯರ ಕ್ರಮ. ಸಕ್ಕರೆ ಕಾಯಿಲೆಯವರೂ ರಕ್ತದೊತ್ತಡವುಳ್ಳವರೂ ವರ್ಷಕ್ಕೊಮ್ಮೆಯಾದರೂ ಮಾಡಿಸುವುದು ಒಳ್ಳೆಯದು.

ಇಲ್ಲಿಯೇ ಬ್ರೈಟನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಅಂತರ. ಆತನಿಗೆ ಇಲ್ಲದಿದ್ದ ಮದ್ದು ನಮಗೆ ಇದೆ. ಒತ್ತಡವನ್ನು ಇಳಿಸುವ ಮಾತ್ರೆಗಳಿಂದ ಲಕ್ವದ ಭಯ ಕಡಿಮೆಯಾಗುತ್ತದೆಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಿದೆ. ಅವುಗಳಲ್ಲಿ ಕೆಲವು ಮೂತ್ರದ ಸೋರಿಕೆಯನ್ನೂ ತಗ್ಗಿಸುತ್ತವೆ. ಉಪ್ಪನ್ನು ಮಿತಗೊಳಿಸಿ, ಹೊಗೆಸೊಪ್ಪನ್ನು ಬಿಟ್ಟು, ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಳ್ಳುವ ಹಾದಿಯೂ ತಿಳಿದಿದೆ. ಚಮಚದಲ್ಲಿ ಬಿಳುಪು ಕಂಡು ಬ್ರೈಟ್ ಸುಮ್ಮನೆ ನಿಲ್ಲಬೇಕಾಗಿತ್ತು, ನಾವು ನಿಲ್ಲಬೇಕಾಗಿಲ್ಲ.

ಗೈ ಆಸ್ಪತ್ರೆಯ ವಾರ್ಡಿನಲ್ಲಿ ಮೇಣದ ಬತ್ತಿಯ ಮುಂದೆ ಬಗ್ಗಿ ನಿಂತ ಆ ವೈದ್ಯನು ಓದಲು ಕಲಿಸಿದ ಸಾಲೇ ಇಂದು ನಮ್ಮ ಬಡಾವಣೆಗಳ ಪ್ರಯೋಗಾಲಯದ ಕಾಗದದಲ್ಲಿ ಅಚ್ಚಾಗಿ ಬರುತ್ತದೆ. ಹೆಸರು ಗೊತ್ತಿಲ್ಲದ ಎಷ್ಟೋ ಬಡರೋಗಿಗಳ ಸಂಕಟದಿಂದಲೂ ಸಾವಿನಿಂದಲೂ ಅದರ ಅರ್ಥ ಮನುಷ್ಯಲೋಕಕ್ಕೆ ದೊರಕಿತು. ಮುಂದಿನ ಸಲ ಆ ಕಾಗದ ಕೈಗೆ ಬಂದಾಗ ಮಡಿಸಿಡುವ ಮುನ್ನ ಕೊನೆಯವರೆಗೆ ಓದಿದರೆ, ಓದಿ ವೈದ್ಯರ ಮುಂದಿಟ್ಟರೆ, ಬ್ರೈಟನ ಋಣ ಅಷ್ಟರಮಟ್ಟಿಗೆ ತೀರಿದಂತೆ.